ಜಠರದ ಕ್ಯಾನ್ಸರ್ ಎಲ್ಲಿಗೆ ಹರಡಿದೆ? ಯಾವ ಸ್ಕ್ಯಾನ್, ಯಾವಾಗ, ಯಾಕೆ

‘ಎಂಡೋಸ್ಕೋಪಿಯಲ್ಲಿ ಕ್ಯಾನ್ಸರ್ ಅಂತ ಬಂತು. ನೇರವಾಗಿ ಪೆಟ್ ಸ್ಕ್ಯಾನ್ ಮಾಡಿಸಿಬಿಟ್ಟರೆ ಎಲ್ಲಾ ಗೊತ್ತಾಗುತ್ತೆ ಅಲ್ವಾ?’ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: ‘ಸಿಟಿ ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂದಮೇಲೂ ಹೊಟ್ಟೆಗೆ ತೂತು ಹಾಕಿ ಕ್ಯಾಮೆರಾ ಬಿಟ್ಟು ನೋಡುವುದು ಯಾಕೆ?’

ಎರಡಕ್ಕೂ ಉತ್ತರ ಒಂದೇ. ಜಠರದ ಕ್ಯಾನ್ಸರ್ ಹರಡಿದೆಯೇ ಎಂದು ತಿಳಿಯಲು ಒಂದೇ ಒಂದು ಸ್ಕ್ಯಾನ್ ಸಾಲುವುದಿಲ್ಲ. ಪ್ರತಿಯೊಂದಕ್ಕೂ ಕಾಣುವ ಜಾಗ ಇದೆ, ಕಾಣದ ಜಾಗವೂ ಇದೆ. ಅದರಲ್ಲೂ ಈ ಕ್ಯಾನ್ಸರ್ ಹೆಚ್ಚಾಗಿ ಹರಡುವ ಒಂದು ಜಾಗವೇ ಸ್ಕ್ಯಾನ್‌ಗಳಿಗೆ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ವೈದ್ಯರು ಒಂದಾದ ಮೇಲೊಂದು ಪರೀಕ್ಷೆ ಬರೆಯುತ್ತಾರೆ. ಆ ಸಾಲನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ನೋಡೋಣ. ನಿಮಗೆ ಇವೆಲ್ಲಾ ಬೇಕೇ, ಯಾವುದು ಮೊದಲು ಎಂಬುದನ್ನು ನಿಮ್ಮನ್ನು ನೋಡುತ್ತಿರುವ ವೈದ್ಯರೇ ಹೇಳಬೇಕು.

ಹುಡುಕುತ್ತಿರುವುದು ಏನನ್ನು?

ಜಠರ ಅಂದರೆ ತಿಂದದ್ದು ಹೋಗಿ ಸೇರುವ ಚೀಲ. ಹೊಟ್ಟೆ ಅಂದಾಗ ಇಲ್ಲಿ ಅದರ ಸುತ್ತಲಿನ ಇಡೀ ಭಾಗ ಅಂತ ಇಟ್ಟುಕೊಳ್ಳಿ.

ಜಠರದ ಕ್ಯಾನ್ಸರ್ ನಾಲ್ಕು ದಾರಿಯಲ್ಲಿ ಹರಡುತ್ತದೆ. ಗೋಡೆಯನ್ನು ಕೊರೆದುಕೊಂಡು ಪಕ್ಕದ ಅಂಗಕ್ಕೆ ಹೋಗಬಹುದು: ಮೇದೋಜೀರಕ, ಲಿವರ್, ಗುಲ್ಮ, ದೊಡ್ಡ ಕರುಳು. ಲಿಂಫ್ ನಾಳಗಳ ಮೂಲಕ ಲಿಂಫ್ ಗಂಟುಗಳಿಗೆ ಹೋಗಬಹುದು. ಇವು ದೇಹದ ತುಂಬಾ ಇರುವ, ಅವರೆಕಾಳಿನಷ್ಟು ಅಥವಾ ಅದಕ್ಕಿಂತ ಚಿಕ್ಕ ಗಂಟುಗಳು, ರೋಗನಿರೋಧಕ ವ್ಯವಸ್ಥೆಯ ಭಾಗ. ರಕ್ತದ ಮೂಲಕವೂ ಹೋಗಬಹುದು. ಜಠರದ ರಕ್ತ ಪೋರ್ಟಲ್ ಎಂಬ ಅಭಿಧಮನಿಯಲ್ಲಿ ನೇರ ಲಿವರ್‌ಗೆ ಹೋಗುವುದರಿಂದ ಈ ದಾರಿಯಲ್ಲಿ ಲಿವರ್‌ಗೇ ಮೊದಲ ಪೆಟ್ಟು. ಆಮೇಲೆ ಶ್ವಾಸಕೋಶ, ಮೂಳೆ.

ನಾಲ್ಕನೆಯದೇ ತಲೆನೋವು. ಹೊಟ್ಟೆಯ ಒಳಗೋಡೆಯನ್ನೂ ಅಂಗಗಳನ್ನೂ ಒಂದು ತೆಳು ಪೊರೆ ಮುಚ್ಚಿಕೊಂಡಿದೆ. ಅದರ ಹೆಸರು ಪೆರಿಟೋನಿಯಂ. ಗಡ್ಡೆ ಜಠರದ ಹೊರಮೈಗೆ ಬಂದಾಗ ಜೀವಕೋಶಗಳು ಉದುರಿ ಈ ಪೊರೆಯ ಮೇಲೆ ಮರಳು ಎರಚಿದ ಹಾಗೆ ಅಲ್ಲಲ್ಲಿ ಕೂರುತ್ತವೆ. ಒಂದೊಂದು ಕಾಳೂ ಒಂದೆರಡು ಮಿಲಿಮೀಟರ್ ಇರಬಹುದು. ಸ್ಕ್ಯಾನ್‌ಗೆ ಸಿಗುವುದು ಕಷ್ಟ.

ಇದನ್ನೆಲ್ಲಾ ವೈದ್ಯರು ಟಿಎನ್‌ಎಂ ಎಂದು ಚುಟುಕಾಗಿ ಬರೆಯುತ್ತಾರೆ. ಟಿ ಅಂದರೆ ಗಡ್ಡೆ ಗೋಡೆಯಲ್ಲಿ ಎಷ್ಟು ಆಳಕ್ಕೆ ಹೋಗಿದೆ ಎಂಬುದು. ಟಿ1 ಒಳಪದರ ಮತ್ತು ಅದರ ಕೆಳಗಿನ ಪದರದಲ್ಲೇ ನಿಂತಿದೆ, ಟಿ2 ಸ್ನಾಯುವಿಗೆ ಇಳಿದಿದೆ, ಟಿ3 ಸ್ನಾಯು ದಾಟಿದೆ, ಟಿ4 ಹೊರಪೊರೆಯನ್ನು ಸೀಳಿದೆ ಅಥವಾ ಪಕ್ಕದ ಅಂಗದೊಳಕ್ಕೆ ನುಗ್ಗಿದೆ. ಎನ್ ಅಂದರೆ ಎಷ್ಟು ಲಿಂಫ್ ಗಂಟಿಗೆ ಹೋಗಿದೆ: 1ರಿಂದ 2 ಇದ್ದರೆ ಎನ್1, 3ರಿಂದ 6 ಇದ್ದರೆ ಎನ್2, 7 ಅಥವಾ ಹೆಚ್ಚಿದ್ದರೆ ಎನ್3. ಎಂ ಅಂದರೆ ದೂರಕ್ಕೆ ಹರಡಿದೆಯೇ, ಇಲ್ಲವೇ. ಎಂ0 ಇಲ್ಲ, ಎಂ1 ಹೌದು. ಈ ಅಕ್ಷರಗಳ ಮುಂದೆ ‘ಸಿ’ ಇದ್ದರೆ ಸ್ಕ್ಯಾನ್ ಮತ್ತು ತಪಾಸಣೆಯಿಂದ ಮಾಡಿದ ಅಂದಾಜು. ‘ಪಿ’ ಇದ್ದರೆ ಆಪರೇಷನ್‌ನಲ್ಲಿ ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದ್ದು. ಎರಡೂ ಹೊಂದದೇ ಇರುವುದು ಮಾಮೂಲು.

ಹೆಜ್ಜೆ 1: ಸ್ಕ್ಯಾನ್‌ಗೆ ಮೊದಲು ಕೈಯಲ್ಲಿ ಇರಬೇಕಾದದ್ದು

ಎಂಡೋಸ್ಕೋಪಿ ರಿಪೋರ್ಟ್ ಮತ್ತು ಬಯಾಪ್ಸಿ ರಿಪೋರ್ಟ್ ಎರಡನ್ನೂ ಜೊತೆಗೆ ಇಟ್ಟುಕೊಳ್ಳಿ. ಗಡ್ಡೆ ಜಠರದ ಮೇಲ್ಭಾಗದಲ್ಲಿದೆಯೋ, ಮಧ್ಯದಲ್ಲೋ, ಕೆಳಗೋ ಎಂದು ಗೊತ್ತಿದ್ದರೆ ರೇಡಿಯಾಲಜಿಸ್ಟ್ ಅಲ್ಲಿ ಕಣ್ಣಿಟ್ಟು ನೋಡುತ್ತಾರೆ. ಬಯಾಪ್ಸಿಯಲ್ಲಿ ‘ಡಿಫ್ಯೂಸ್’ ಅಥವಾ ‘ಸಿಗ್ನೆಟ್ ರಿಂಗ್’ ಎಂಬ ಪದ ಇದೆಯೇ ನೋಡಿಕೊಳ್ಳಿ. ಪೆಟ್ ಸ್ಕ್ಯಾನ್ ಎಷ್ಟು ಉಪಯೋಗಕ್ಕೆ ಬರುತ್ತದೆ ಎನ್ನುವುದಕ್ಕೂ ಈ ಪದಕ್ಕೂ ಸಂಬಂಧ ಇದೆ. ಅದನ್ನು ಮುಂದೆ ಹೇಳುತ್ತೇನೆ.

ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಮುಖ್ಯ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ಇದರಿಂದ ಲೆಕ್ಕ ಹಾಕುತ್ತಾರೆ. ಆ ಲೆಕ್ಕಕ್ಕೆ ಇಜಿಎಫ್‌ಆರ್ ಎನ್ನುತ್ತಾರೆ.

ಇವು ಇದ್ದರೆ ಬುಕ್ ಮಾಡುವಾಗಲೇ ಹೇಳಿ: ಹಿಂದೆ ಸ್ಕ್ಯಾನ್ ಇಂಜೆಕ್ಷನ್‌ನಿಂದ ಅಲರ್ಜಿ ಆಗಿದ್ದು, ಅಸ್ತಮಾ, ಕಿಡ್ನಿ ತೊಂದರೆ, ಥೈರಾಯ್ಡ್ ಜಾಸ್ತಿ ಇರುವುದು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಪೇಸ್‌ಮೇಕರ್, ಗರ್ಭಿಣಿ ಆಗಿರುವ ಸಾಧ್ಯತೆ. ಮೀನು, ಸಿಗಡಿ ತಿಂದರೆ ಅಲರ್ಜಿ ಆಗುತ್ತೆ, ಹಾಗಾಗಿ ಸಿಟಿ ಸ್ಕ್ಯಾನ್‌ಗೆ ಕೊಡುವ ಅಯೋಡಿನ್ ಇಂಜೆಕ್ಷನ್ ಬೇಡ ಎಂದು ಕೆಲವರು ಹೆದರುತ್ತಾರೆ. ಅದೊಂದು ಹಳೇ ತಪ್ಪು ನಂಬಿಕೆ. ಸಿಗಡಿ ಅಲರ್ಜಿಗೆ ಕಾರಣ ಅದರ ಪ್ರೋಟೀನ್, ಅಯೋಡಿನ್ ಅಲ್ಲ.

ಇನ್ನೊಂದು ಮಾತು. ಸ್ಕ್ಯಾನ್‌ಗೂ ಮೊದಲು ವೈದ್ಯರ ಕೈ ಎರಡು ಜಾಗ ಮುಟ್ಟಿ ನೋಡಬೇಕು: ಕುತ್ತಿಗೆಯ ಎಡಗಡೆ ಕೊರಳ ಮೂಳೆಯ ಮೇಲ್ಭಾಗ, ಮತ್ತು ಹೊಕ್ಕುಳು. ಎಡ ಕೊರಳ ಮೂಳೆ ಬಳಿ ಸಿಗುವ ಗಂಟಿಗೆ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ ಹೆಸರಿದೆ. ಹೊಕ್ಕುಳಿನ ಗಂಟಿಗೆ ಇರುವುದು ಸಿಸ್ಟರ್ ಮೇರಿ ಜೋಸೆಫ್ ಹೆಸರು. ಅವರು ಅಮೆರಿಕದ ರೋಚೆಸ್ಟರ್‌ನಲ್ಲಿ ಸರ್ಜನ್ ವಿಲಿಯಂ ಮೇಯೋ ಅವರಿಗೆ ನೆರವಾಗುತ್ತಿದ್ದ ನರ್ಸ್. ಹೊಟ್ಟೆಯೊಳಗೆ ಕ್ಯಾನ್ಸರ್ ಹರಡಿದವರಿಗೆ ಹೊಕ್ಕುಳಲ್ಲಿ ಗಂಟು ಇರುವುದುಂಟು ಎಂದು ಗಮನಿಸಿದವರು ಇವರು. ಅಂಥ ಗಂಟು ಸಿಕ್ಕರೆ ಸೂಜಿ ಹಾಕಿ ಪರೀಕ್ಷಿಸಿದರೆ ಉತ್ತರ ಅಲ್ಲೇ ಸಿಗಬಹುದು.

ಹೆಜ್ಜೆ 2: ಸಿಟಿ ಸ್ಕ್ಯಾನ್

ಎಲ್ಲಕ್ಕೂ ಬುನಾದಿ ಇದೇ. ಎಕ್ಸ್‌ರೇ ಕಿರಣಗಳನ್ನು ಸುತ್ತಲಿನಿಂದ ಹಾಯಿಸಿ ದೇಹದ ಅಡ್ಡ ತುಂಡಿನ ಚಿತ್ರಗಳನ್ನು ಕಂಪ್ಯೂಟರ್ ಕಟ್ಟುತ್ತದೆ. ಚೀಟಿಯಲ್ಲಿ ಮೂರು ಪದ ಇದೆಯೇ ನೋಡಿ: ಎದೆ, ಹೊಟ್ಟೆ, ಕಿಬ್ಬೊಟ್ಟೆ. ಜೊತೆಗೆ ‘ಕಾಂಟ್ರಾಸ್ಟ್’ ಎಂಬ ಪದವೂ ಇರಬೇಕು. ಕಾಂಟ್ರಾಸ್ಟ್ ಅಂದರೆ ರಕ್ತನಾಳಕ್ಕೆ ಕೊಡುವ ಅಯೋಡಿನ್ ಇರುವ ದ್ರವ. ಅದು ಹರಿದ ಕಡೆ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಕಾಂಟ್ರಾಸ್ಟ್ ಇಲ್ಲದ ಸಿಟಿಯಲ್ಲಿ ಲಿವರ್‌ನ ಗಡ್ಡೆ ಲಿವರ್ ಬಣ್ಣದಲ್ಲೇ ಕರಗಿಹೋಗಬಹುದು. ಕಿಬ್ಬೊಟ್ಟೆ ಬಿಟ್ಟುಬಿಟ್ಟರೆ ಹೆಂಗಸರ ಅಂಡಾಶಯದಲ್ಲಿ ಕೂತ ಗಡ್ಡೆ, ಗುದನಾಳದ ಮುಂದಿನ ಗುಂಡಿಯಲ್ಲಿ ಬಿದ್ದ ಕಾಳು ತಪ್ಪಿಹೋಗುತ್ತದೆ.

ಹೋಗುವ ಮುಂಚೆ ಸಾಮಾನ್ಯವಾಗಿ 4ರಿಂದ 6 ಗಂಟೆ ಏನೂ ತಿನ್ನಬಾರದು. ಅಲ್ಲಿ ಹೋದಮೇಲೆ ನೀರು ಕುಡಿಸುತ್ತಾರೆ, ಅರ್ಧ ಲೀಟರ್‌ನಿಂದ ಒಂದು ಲೀಟರ್‌ವರೆಗೆ. ಕೊನೆಯ ಲೋಟವನ್ನು ಮಲಗುವ ಸ್ವಲ್ಪ ಮುಂಚೆ ಕೊಡುತ್ತಾರೆ. ‘ಹೊಟ್ಟೆ ತುಂಬಿಹೋಯ್ತು, ಸಾಕು’ ಎಂದು ಅದನ್ನು ಪಕ್ಕಕ್ಕಿಡಬೇಡಿ. ಖಾಲಿ ಜಠರ ಮುದುಡಿಕೊಂಡಿರುತ್ತದೆ. ಮುದುಡಿದ ಗೋಡೆ ದಪ್ಪಗೆ ಕಾಣುತ್ತದೆ, ಇಲ್ಲದ ಗಡ್ಡೆ ಇದ್ದಂತೆ ಅನ್ನಿಸುತ್ತದೆ. ಇರುವ ಗಡ್ಡೆ ಮಡಿಕೆಯಲ್ಲಿ ಮರೆಯಾಗುತ್ತದೆ. ನೀರು ತುಂಬಿ ಉಬ್ಬಿದಾಗಲೇ ಗೋಡೆಯ ನಿಜವಾದ ದಪ್ಪ ಸಿಗುವುದು. ಕೆಲವು ಕಡೆ ನೀರಿನ ಬದಲು ಗ್ಯಾಸ್ ಹುಟ್ಟಿಸುವ ಪುಡಿ ಕೊಡುತ್ತಾರೆ. ಅದು ಕುಡಿದಮೇಲೆ ತೇಗು ಬಂದರೂ ತಡೆದುಕೊಳ್ಳಬೇಕು. ಜಠರದ ಅಲುಗಾಟ ನಿಲ್ಲಿಸಲು ಒಂದು ಇಂಜೆಕ್ಷನ್ ಕೊಡುವುದೂ ಉಂಟು. ನುಂಗಲು ಆಗುತ್ತಿಲ್ಲ, ಕುಡಿದದ್ದೆಲ್ಲಾ ವಾಂತಿ ಆಗುತ್ತಿದೆ ಅಂತಿದ್ದರೆ ಮಾತ್ರ ಮೊದಲೇ ಹೇಳಿ.

ಕೈಗೆ ಸೂಜಿ ಚುಚ್ಚಿ ಟ್ಯೂಬ್ ಜೋಡಿಸುತ್ತಾರೆ. ಕಾಂಟ್ರಾಸ್ಟನ್ನು ಪಂಪ್ ಮೂಲಕ ವೇಗವಾಗಿ ಬಿಡುತ್ತಾರೆ. ಕೆಲವೇ ಸೆಕೆಂಡಿಗೆ ಗಂಟಲು ಬಿಸಿ ಆಗುತ್ತದೆ, ಆ ಬಿಸಿ ಎದೆ ಇಳಿದು ಕಿಬ್ಬೊಟ್ಟೆಗೆ ಬರುತ್ತದೆ. ಬಾಯಲ್ಲಿ ಲೋಹದ ರುಚಿ. ಮೂತ್ರ ಹೋಗಿಬಿಟ್ಟಿತು ಅಂತಲೇ ಅನ್ನಿಸುತ್ತದೆ. ಹೋಗಿರುವುದಿಲ್ಲ, ಗಾಬರಿ ಬೇಡ. ಒಂದೆರಡು ನಿಮಿಷದಲ್ಲಿ ಎಲ್ಲಾ ಇಳಿಯುತ್ತದೆ. ‘ಉಸಿರು ಹಿಡಿಯಿರಿ’ ಎಂದಾಗ ಹಿಡಿಯಬೇಕು, ಇಲ್ಲದಿದ್ದರೆ ಚಿತ್ರ ಮಸುಕಾಗುತ್ತದೆ. ಮುಖ್ಯ ಚಿತ್ರವನ್ನು ಇಂಜೆಕ್ಷನ್ ಶುರುವಾಗಿ ಸುಮಾರು 70 ಸೆಕೆಂಡಿಗೆ ತೆಗೆಯುತ್ತಾರೆ. ಆಗ ಲಿವರ್ ಚೆನ್ನಾಗಿ ಬೆಳಗಿರುತ್ತದೆ, ಅದರಲ್ಲಿ ಹರಡಿದ ಗಡ್ಡೆಗಳಿದ್ದರೆ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತವೆ.

ಸೂಜಿ ಹಾಕಿದ ಕಡೆ ಉರಿದು ಊದಿಕೊಂಡರೆ ಆ ಕ್ಷಣವೇ ಕೂಗಿ ಹೇಳಿ, ದ್ರವ ನಾಳದಿಂದ ಆಚೆ ಸೋರುತ್ತಿರಬಹುದು. ಮೈ ತುರಿಕೆ, ದದ್ದು, ಉಸಿರಾಟಕ್ಕೆ ಕಷ್ಟ ಆದರೂ ಅಷ್ಟೇ. ಮುಗಿದಮೇಲೆ ಅವರು ಹೇಳುವಷ್ಟು ಹೊತ್ತು ಅಲ್ಲೇ ಕೂತಿದ್ದು ಹೊರಡಿ.

ಮೆಟ್‌ಫಾರ್ಮಿನ್ ವಿಷಯದಲ್ಲಿ ಗೊಂದಲ ಜಾಸ್ತಿ. ಕಿಡ್ನಿ ಚೆನ್ನಾಗಿದ್ದರೆ ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಇಜಿಎಫ್‌ಆರ್ 30ಕ್ಕಿಂತ ಕಡಿಮೆ ಇದ್ದರೆ ನಿಲ್ಲಿಸಿ, 48 ಗಂಟೆ ಕಳೆದು ಕಿಡ್ನಿ ಮತ್ತೆ ಪರೀಕ್ಷಿಸಿ ಶುರು ಮಾಡಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ, ಕೇಳಿ.

ವಿಕಿರಣದ ಭಯ ಹಲವರಿಗೆ. ಇಂಥ ಒಂದು ಸಿಟಿಯಲ್ಲಿ ಸುಮಾರು 10ರಿಂದ 20 ಮಿಲಿಸೀವರ್ಟ್ ತಗಲುತ್ತದೆ. ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲಾ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ತಗಲುತ್ತಲೇ ಇರುತ್ತದೆ. ಸುಮ್ನೆ ಮಾಡಿಸಿಕೊಳ್ಳುವ ಪರೀಕ್ಷೆ ಇದಲ್ಲ ನಿಜ. ಆದರೆ ಕ್ಯಾನ್ಸರ್ ಇದೆ ಎಂದು ಗೊತ್ತಾದವರು ಈ ಭಯಕ್ಕೆ ಸಿಟಿ ತಪ್ಪಿಸಿದರೆ ನಷ್ಟ ಅವರಿಗೇ.

ಈಗ ಸಿಟಿಗೆ ಕಾಣದ್ದು. ಟಿ1, ಟಿ2 ನಡುವಿನ ವ್ಯತ್ಯಾಸ ಸಿಟಿಯಲ್ಲಿ ಸರಿಯಾಗಿ ಸಿಗುವುದಿಲ್ಲ. ಲಿಂಫ್ ಗಂಟನ್ನು ಅದು ಮುಖ್ಯವಾಗಿ ಗಾತ್ರದಿಂದ ಅಳೆಯುತ್ತದೆ. ಗಂಟಿನ ಚಿಕ್ಕ ಅಡ್ಡಳತೆ 8ರಿಂದ 10 ಮಿಲಿಮೀಟರ್ ದಾಟಿದರೆ ಅನುಮಾನ. ಆದರೆ 5 ಮಿಲಿಮೀಟರ್ ಗಂಟಿನಲ್ಲೂ ಕ್ಯಾನ್ಸರ್ ಇರಬಹುದು, 15 ಮಿಲಿಮೀಟರ್ ಗಂಟು ಬರೀ ಸೋಂಕಿನಿಂದಲೂ ಊದಿರಬಹುದು. ಗುಂಡಗಿದೆಯೇ, ಕಾಂಟ್ರಾಸ್ಟ್ ಜಾಸ್ತಿ ಹೀರಿದೆಯೇ, ಗುಂಪಾಗಿ ಇವೆಯೇ ಎಂಬುದನ್ನೂ ಸೇರಿಸಿ ನೋಡುತ್ತಾರೆ. ಪೆರಿಟೋನಿಯಂ ಮೇಲಿನ 5 ಮಿಲಿಮೀಟರ್‌ಗಿಂತ ಚಿಕ್ಕ ಕಾಳುಗಳಂತೂ ಬಹಳ ಸಲ ತಪ್ಪಿಹೋಗುತ್ತವೆ.

ಮಾಮೂಲಿ ಅಲ್ಟ್ರಾಸೌಂಡ್ ಮಾಡಿಸಿದ್ದೇವೆ, ನಾರ್ಮಲ್ ಬಂದಿದೆ, ಸಿಟಿ ಬೇಕಾ ಎಂದು ಕೇಳುವವರಿದ್ದಾರೆ. ಬೇಕು. ಅಲ್ಟ್ರಾಸೌಂಡ್ ತರಂಗ ಜಠರ, ಕರುಳಿನ ಗಾಳಿಯನ್ನು ದಾಟುವುದಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿದೆಯೇ ನೋಡಲು, ಕುತ್ತಿಗೆ ಗಂಟಿಗೆ ಸೂಜಿ ಹಾಕುವಾಗ ದಾರಿ ತೋರಿಸಲು ಅದು ಒಳ್ಳೆಯದು. ಸ್ಟೇಜ್ ಹೇಳಲು ಅಲ್ಲ.

ಹೆಜ್ಜೆ 3: ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್, ಬೇಕಾದವರಿಗೆ ಮಾತ್ರ

ಹೊರಗಿನಿಂದ ಕಾಣದ್ದನ್ನು ಒಳಗೇ ಹೋಗಿ ನೋಡುವ ಉಪಾಯ ಇದು. ಎಂಡೋಸ್ಕೋಪಿ ಕೊಳವೆಯ ತುದಿಯಲ್ಲಿ ಪುಟ್ಟ ಅಲ್ಟ್ರಾಸೌಂಡ್ ಯಂತ್ರ ಇರುತ್ತದೆ. ಚುಟುಕಾಗಿ ಇಯುಎಸ್. ಇದರಲ್ಲಿ ಜಠರದ ಗೋಡೆ ಒಂದು ಬಿಳಿ, ಒಂದು ಕಪ್ಪು ಹೀಗೆ ಐದು ಪಟ್ಟಿಯಾಗಿ ಕಾಣುತ್ತದೆ. ಗಡ್ಡೆ ಯಾವ ಪಟ್ಟಿಯನ್ನು ಮುರಿದಿದೆ ಎಂದು ನೋಡಿ ಆಳ ಹೇಳುತ್ತಾರೆ. ಪಕ್ಕದ ಗಂಟಿಗೆ ಇದರ ಮೂಲಕವೇ ಸಣ್ಣ ಸೂಜಿ ಹಾಕಿ ಜೀವಕೋಶ ತೆಗೆಯಲೂ ಆಗುತ್ತದೆ.

ಗಡ್ಡೆ ಇನ್ನೂ ಎಳೆಯದು, ಜಠರ ತೆಗೆಯದೆ ಎಂಡೋಸ್ಕೋಪಿಯಲ್ಲೇ ಕೆತ್ತಿ ತೆಗೆಯಬಹುದೇ ಎಂಬ ಪ್ರಶ್ನೆ ಇದ್ದಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಸಿಟಿಯಲ್ಲೇ ಲಿವರ್‌ಗೆ ಹರಡಿದ್ದು ಕಂಡಿದ್ದರೆ ಆಳ ಅಳೆದು ಆಗಬೇಕಾದ್ದು ಏನೂ ಇಲ್ಲ.

ಮಾಡುವವರ ಕೈಚಳಕದ ಮೇಲೆ ಫಲಿತಾಂಶ ನಿಂತಿದೆ. ಗಡ್ಡೆಯಲ್ಲಿ ಹುಣ್ಣಾಗಿ ಸುತ್ತ ಊದಿಕೊಂಡಿದ್ದರೆ ಇರುವುದಕ್ಕಿಂತ ಆಳವಾಗಿ ಕಾಣುತ್ತದೆ. ಮಂಪರು ಔಷಧಿ ಕೊಡುವುದರಿಂದ ಜೊತೆಗೆ ಯಾರಾದರೂ ಇರಲಿ, ಆ ದಿನ ಗಾಡಿ ಓಡಿಸಬೇಡಿ. ಸೂಜಿ ಹಾಕುವುದಾದರೆ ರಕ್ತ ತೆಳುವಾಗಿಸುವ ಮಾತ್ರೆ ಬಗ್ಗೆ ಮೊದಲೇ ಕೇಳಿರಿ.

ಹೆಜ್ಜೆ 4: ಪೆಟ್-ಸಿಟಿ

ಕ್ಯಾನ್ಸರ್ ಜೀವಕೋಶಗಳು ಸಾಮಾನ್ಯವಾಗಿ ಸಕ್ಕರೆಯನ್ನು ಜಾಸ್ತಿ ಹೀರುತ್ತವೆ. ವಿಕಿರಣ ಸೂಸುವ ಫ್ಲೋರಿನ್ ಸೇರಿಸಿದ ಸಕ್ಕರೆಯಂಥ ವಸ್ತುವನ್ನು ರಕ್ತಕ್ಕೆ ಕೊಡುತ್ತಾರೆ. ಅದರ ಹೆಸರು ಎಫ್‌ಡಿಜಿ. ಹೀರಿದ ಜಾಗ ಹೊಳೆಯುತ್ತದೆ. ಎಷ್ಟು ಹೀರಿದೆ ಎಂಬ ಅಂಕಿಗೆ ಎಸ್‌ಯುವಿ ಎನ್ನುತ್ತಾರೆ. ಅದೇ ಹೊತ್ತಿಗೆ ಸಿಟಿಯೂ ಆಗುವುದರಿಂದ ಹೊಳೆದದ್ದು ಎಲ್ಲಿ ಎಂದು ಗೊತ್ತಾಗುತ್ತದೆ.

ದೂರದ ಗಂಟು, ಮೂಳೆ, ಸಿಟಿಯಲ್ಲಿ ಅನುಮಾನ ಬಿಟ್ಟ ಜಾಗ, ಇವುಗಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾದರೆ ಮೊದಲೇ ಇದನ್ನೇ ಮಾಡಿಸಿದರೆ ಏನಾಗುತ್ತೆ? ಜಠರದ ಕ್ಯಾನ್ಸರ್‌ಗಳಲ್ಲಿ ಎಲ್ಲವೂ ಸಕ್ಕರೆಗೆ ಬಾಯಿಬಿಡುವುದಿಲ್ಲ. ಡಿಫ್ಯೂಸ್ ಬಗೆ, ಸಿಗ್ನೆಟ್ ರಿಂಗ್ ಬಗೆ, ಲೋಳೆ ತುಂಬಿದ ಬಗೆ, ಇವು ಎಫ್‌ಡಿಜಿಯನ್ನು ಬಹಳ ಕಡಿಮೆ ಹೀರುತ್ತವೆ. ದೊಡ್ಡ ಗಡ್ಡೆಯೇ ಮಂಕಾಗಿ ಕಾಣಬಹುದು. ಪೆಟ್‌ನಲ್ಲಿ ಹೊಳೆಯಲಿಲ್ಲ ಎಂದು ಖುಷಿಪಡುವ ಮುನ್ನ ಬಯಾಪ್ಸಿ ರಿಪೋರ್ಟ್ ತೆಗೆದು ನೋಡಬೇಕು ಅಂದದ್ದು ಇದಕ್ಕೇ. ಮೂಲ ಗಡ್ಡೆಯೇ ಹೊಳೆಯದಿದ್ದರೆ ಅದರ ಮರಿಗಳು ಹೊಳೆಯುತ್ತವೆ ಎಂಬ ಭರವಸೆ ಇಲ್ಲ. ಮಿಲಿಮೀಟರ್ ಕಾಳುಗಳ ವಿಷಯದಲ್ಲಿ ಪೆಟ್ ಕೂಡ ಸಿಟಿಯಂತೆಯೇ ಕುರುಡು. ಟಿ1 ಗಡ್ಡೆಗೆ ಸಾಮಾನ್ಯವಾಗಿ ಪೆಟ್ ಬೇಕಾಗುವುದಿಲ್ಲ.

ತದ್ವಿರುದ್ಧವೂ ಉಂಟು. ಹೊಳೆದದ್ದೆಲ್ಲಾ ಕ್ಯಾನ್ಸರ್ ಅಲ್ಲ. ಕ್ಷಯದ ಗಂಟು, ನ್ಯುಮೋನಿಯಾ, ಇತ್ತೀಚಿನ ಆಪರೇಷನ್ ಗಾಯ, ಜಠರದ ಉರಿಯೂತ, ಇವೂ ಹೊಳೆಯುತ್ತವೆ. ಒಂದೇ ಒಂದು ಹೊಳೆಯುವ ಚುಕ್ಕೆ ಚಿಕಿತ್ಸೆಯ ದಾರಿಯನ್ನೇ ಬದಲಿಸುವಂತಿದ್ದರೆ, ಅಲ್ಲಿಂದ ಬಯಾಪ್ಸಿ ತೆಗೆಯಬಹುದೇ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ತಯಾರಿ ಹೀಗೆ: ಕನಿಷ್ಠ 6 ಗಂಟೆ ಉಪವಾಸ, ಬರೀ ನೀರು ಕುಡಿಯಬಹುದು. ಹಿಂದಿನ ದಿನ ಓಟ, ಭಾರ ಎತ್ತುವುದು ಬೇಡ, ದಣಿದ ಸ್ನಾಯುವೂ ಸಕ್ಕರೆ ಹೀರುತ್ತದೆ. ಮೈ ಬೆಚ್ಚಗಿರಲಿ. ಚಳಿ ಹಿಡಿದರೆ ಕುತ್ತಿಗೆಯ ಕಂದು ಕೊಬ್ಬು ಹೊಳೆಯುತ್ತದೆ, ಗಂಟು ಯಾವುದು ಕೊಬ್ಬು ಯಾವುದು ಎಂದು ಗೊಂದಲ. ಇಂಜೆಕ್ಷನ್ ಆದಮೇಲೆ ಸುಮಾರು ಒಂದು ಗಂಟೆ ಮಾತಾಡದೆ, ಏನನ್ನೂ ಜಗಿಯದೆ, ಸುಮ್ಮನೆ ಮಲಗಿರಬೇಕು. ರಕ್ತದ ಸಕ್ಕರೆ ಡೆಸಿಲೀಟರ್‌ಗೆ 200 ಮಿಲಿಗ್ರಾಂ ದಾಟಿದ್ದರೆ ಹೆಚ್ಚಿನ ಕಡೆ ಮುಂದೂಡುತ್ತಾರೆ. ಸಕ್ಕರೆ ಕಾಯಿಲೆ ಇರುವವರು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಇನ್ಸುಲಿನ್ ಯಾವಾಗ, ಮಾತ್ರೆ ಯಾವಾಗ ಎಂದು ಕೇಳಿ ಬರೆದುಕೊಳ್ಳಿ. ಮೆಟ್‌ಫಾರ್ಮಿನ್ ಇಲ್ಲೂ ಅಡ್ಡ ಬರುತ್ತದೆ: ಅದು ಕರುಳನ್ನು ಹೊಳೆಸಿ ಹೊಟ್ಟೆಯ ಚಿತ್ರ ಕೆಡಿಸಬಹುದು.

ಈ ಫ್ಲೋರಿನ್ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಮುಗಿದಮೇಲೆ ನೀರು ಚೆನ್ನಾಗಿ ಕುಡಿಯಿರಿ, ಮೂತ್ರ ಹೋಗುತ್ತಿರಿ. ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳುವುದು, ಗರ್ಭಿಣಿಯರ ಪಕ್ಕದಲ್ಲೇ ಕೂರುವುದು ಕೆಲವು ಗಂಟೆ ಬೇಡ. ಕೆಲವು ಕೇಂದ್ರಗಳಲ್ಲಿ ಈಗ ಎಫ್‌ಎಪಿಐ ಎಂಬ ಬೇರೆ ವಸ್ತು ಬಳಸುವ ಪೆಟ್ ಇದೆ. ಅದು ಸಕ್ಕರೆಯನ್ನು ಹುಡುಕುವುದಿಲ್ಲ, ಗಡ್ಡೆಯ ಸುತ್ತ ಇರುವ ನಾರು ಕಟ್ಟುವ ಜೀವಕೋಶಗಳಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಸಿಗ್ನೆಟ್ ರಿಂಗ್ ಬಗೆಯಲ್ಲಿ ಎಫ್‌ಡಿಜಿಗಿಂತ ಚೆನ್ನಾಗಿ ಕಾಣಿಸುತ್ತದೆ.

ಹೆಜ್ಜೆ 5: ಲ್ಯಾಪರೋಸ್ಕೋಪಿ, ಮತ್ತು ತೊಳೆದ ನೀರಿನ ಪರೀಕ್ಷೆ

ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ. ಎಲ್ಲಾ ಸ್ಕ್ಯಾನ್ ಸ್ವಚ್ಛ ಇದೆ ಎಂದು ನೇರ ದೊಡ್ಡ ಆಪರೇಷನ್‌ಗೆ ಹೋಗಿ, ಹೊಟ್ಟೆ ತೆರೆದಮೇಲೆ ಪೊರೆಯ ತುಂಬಾ ಕಾಳು ಕಂಡು ಹಾಗೇ ಹೊಲಿದು ಮುಚ್ಚಬೇಕಾಗಿ ಬಂದರೆ? ಗಾಯ ಮಾಯುವವರೆಗೆ ಕೀಮೋ ಶುರು ಮಾಡಲಾಗುವುದಿಲ್ಲ. ಆ ವಾರಗಳು ಸುಮ್ನೆ ಹೋದವು. ಇದನ್ನು ತಪ್ಪಿಸಲೆಂದೇ ಮೊದಲು ಲ್ಯಾಪರೋಸ್ಕೋಪಿ.

ಪೂರ್ತಿ ಅರಿವಳಿಕೆ ಕೊಟ್ಟು, ಹೊಟ್ಟೆಯಲ್ಲಿ ಎರಡು ಮೂರು ಚಿಕ್ಕ ತೂತು ಮಾಡಿ, ಗಾಳಿ ತುಂಬಿ ಉಬ್ಬಿಸಿ, ಕ್ಯಾಮೆರಾ ಬಿಡುತ್ತಾರೆ. ವಪೆಯ (ಎದೆ ಮತ್ತು ಹೊಟ್ಟೆ ನಡುವಿನ ಸ್ನಾಯು ಪರದೆ) ಕೆಳಮೈ, ಲಿವರ್ ಮೇಲ್ಮೈ, ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪೊರೆ, ಕರುಳಿನ ಬುಡ, ಕಿಬ್ಬೊಟ್ಟೆಯ ಗುಂಡಿ, ಎಲ್ಲವನ್ನೂ ಕಣ್ಣಲ್ಲೇ ನೋಡುತ್ತಾರೆ. ಕಂಡ ಬಿಳಿ ಚುಕ್ಕೆಯಿಂದ ತುಣುಕು ತೆಗೆಯುತ್ತಾರೆ. ಆಮೇಲೆ ಸಲೈನ್ ಹಾಕಿ ಒಳಗೆಲ್ಲಾ ಆಡಿಸಿ, ಅದನ್ನು ಹೀರಿ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಆ ನೀರಿನಲ್ಲಿ ಬಿಡಿ ಕ್ಯಾನ್ಸರ್ ಜೀವಕೋಶ ಸಿಕ್ಕರೆ, ಕಣ್ಣಿಗೆ ಒಂದು ಕಾಳೂ ಕಾಣದಿದ್ದರೂ ಅದು ಎಂ1 ಎಂದೇ ಲೆಕ್ಕ.

ಸಿಟಿ ಸ್ವಚ್ಛ ಕಂಡವರಲ್ಲೂ ಐದರಲ್ಲಿ ಒಬ್ಬರಿಗೆ ಅಥವಾ ನಾಲ್ವರಲ್ಲಿ ಒಬ್ಬರಿಗೆ ಹೀಗೆ ಏನಾದರೂ ಸಿಗುತ್ತದೆ ಎಂದು ಅನೇಕ ವರದಿಗಳು ಹೇಳುತ್ತವೆ. ಗಡ್ಡೆ ಆಳಕ್ಕೆ ಇಳಿದಷ್ಟೂ ಇದು ಜಾಸ್ತಿ. ಆದ್ದರಿಂದ ಟಿ3, ಟಿ4 ಅಥವಾ ಗಂಟುಗಳು ಅನುಮಾನವಾಗಿ ಕಂಡಿದ್ದರೆ, ಜಠರ ತೆಗೆಯುವ ಯೋಚನೆಯೂ ಇದ್ದರೆ, ‘ಮೊದಲು ಲ್ಯಾಪರೋಸ್ಕೋಪಿ ಮಾಡುತ್ತೀರಾ ಡಾಕ್ಟ್ರೇ, ನೀರಿನ ಪರೀಕ್ಷೆಯೂ ಕಳಿಸುತ್ತೀರಾ?’ ಎಂದು ನೀವೇ ಕೇಳಬಹುದು. ಬರೀ ನೋಡಿ ಬಂದು ನೀರು ಕಳಿಸದಿದ್ದರೆ ಅರ್ಧ ಕೆಲಸ. ನೀರಿನ ರಿಪೋರ್ಟ್ ಬರಲು ಕೆಲವು ದಿನ ಹಿಡಿಯುತ್ತದೆ, ಅದು ಬರುವವರೆಗೆ ‘ಏನೂ ಇಲ್ಲವಂತೆ’ ಎಂದು ಮನೆಯವರಿಗೆಲ್ಲಾ ಹೇಳಿಬಿಡಬೇಡಿ.

ಸಿಟಿಯಲ್ಲೇ ದೂರಕ್ಕೆ ಹರಡಿದ್ದು ಖಚಿತವಾಗಿದ್ದರೆ ಸಾಮಾನ್ಯವಾಗಿ ಇದು ಬೇಕಿಲ್ಲ.

ಹೆಜ್ಜೆ 6: ಎಂಆರ್‌ಐ ಮತ್ತು ಉಳಿದವು

ಎಂಆರ್‌ಐ ಎಲ್ಲರಿಗೂ ಬರೆಯುವುದಿಲ್ಲ. ಲಿವರ್‌ನಲ್ಲಿ ಕಂಡ ಚುಕ್ಕೆ ನೀರಿನ ಗುಳ್ಳೆಯೋ, ರಕ್ತನಾಳದ ಗಂಟೋ, ಹರಡಿದ ಕ್ಯಾನ್ಸರೋ ಎಂದು ಸಿಟಿ ಹೇಳಲಾಗದಿದ್ದಾಗ ಇದು ಬಿಡಿಸಿ ಹೇಳುತ್ತದೆ. ಅಯೋಡಿನ್ ಕಾಂಟ್ರಾಸ್ಟ್ ಕೊಡಲಾಗದವರಿಗೂ ದಾರಿ. ಎಕ್ಸ್‌ರೇ ಇಲ್ಲ, ಅಯಸ್ಕಾಂತ ಬಳಸುತ್ತದೆ. ಪೇಸ್‌ಮೇಕರ್, ದೇಹದೊಳಗಿನ ಲೋಹದ ಬಗ್ಗೆ ಹೇಳಲೇಬೇಕು. ಅರ್ಧ ಗಂಟೆಗೂ ಹೆಚ್ಚು ಹೊತ್ತು ಸದ್ದು ಮಾಡುವ ಸುರಂಗದಲ್ಲಿ ಮಲಗಬೇಕು. ಇಕ್ಕಟ್ಟು ಆಗದವರು ಮುಂಚೆ ಹೇಳಿದರೆ ಮಂಪರು ಔಷಧಿ ಕೊಡುತ್ತಾರೆ.

ಮಿದುಳಿನ ಎಂಆರ್‌ಐ, ಮೂಳೆ ಸ್ಕ್ಯಾನ್ ಇವೆಲ್ಲಾ ಲಕ್ಷಣ ಇದ್ದಾಗ ಮಾತ್ರ. ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ ಹರಡುವಿಕೆ ಹೇಳುವುದಿಲ್ಲ. ಸಿಇಎ, ಸಿಎ 19-9 ಎಂಬ ರಕ್ತ ಪರೀಕ್ಷೆಗಳು ನಾರ್ಮಲ್ ಇದ್ದರೂ ಹರಡಿರಬಹುದು, ಅವು ಸ್ಕ್ಯಾನ್‌ಗೆ ಬದಲಿ ಅಲ್ಲ.

ಹೆಜ್ಜೆ 7: ರಿಪೋರ್ಟ್ ಓದುವುದು

ಕವರ್ ಕೈಗೆ ಬಂದ ತಕ್ಷಣ ಎಲ್ಲರೂ ಒಂದೊಂದು ಪದವನ್ನೂ ಮೊಬೈಲ್‌ನಲ್ಲಿ ಹುಡುಕಲು ಕೂರುತ್ತಾರೆ. ಸ್ವಲ್ಪ ತಡೆಯಿರಿ. ಕೊನೆಯಲ್ಲಿ ‘ಇಂಪ್ರೆಶನ್’ ಎಂಬ ಭಾಗ ಇರುತ್ತದೆ. ಅದೇ ತೀರ್ಮಾನ, ಅದನ್ನು ಮೊದಲು ಓದಿ. ಮೇಲಿನದೆಲ್ಲಾ ಕಂಡದ್ದರ ಪಟ್ಟಿ. ಅದರಲ್ಲಿ ಕಿಡ್ನಿಯ ಗುಳ್ಳೆ, ಪಿತ್ತಕೋಶದ ಕಲ್ಲು ಎಲ್ಲಾ ಇರುತ್ತವೆ, ಅವಕ್ಕೂ ಕ್ಯಾನ್ಸರ್‌ಗೂ ಸಂಬಂಧ ಇಲ್ಲದಿರಬಹುದು.

ಒಂದು ಮಾದರಿ ನೋಡೋಣ. ‘ಅಸಿಮೆಟ್ರಿಕ್ ವಾಲ್ ಥಿಕನಿಂಗ್ ಇನ್ ಆಂಟ್ರಮ್ ವಿತ್ ಪೆರಿಗ್ಯಾಸ್ಟ್ರಿಕ್ ಫ್ಯಾಟ್ ಸ್ಟ್ರ್ಯಾಂಡಿಂಗ್’ ಎಂದು ಬರೆದಿದ್ದರೆ, ಜಠರದ ಕೆಳಭಾಗದಲ್ಲಿ ಗೋಡೆ ಒಂದು ಕಡೆ ದಪ್ಪಗಾಗಿದೆ, ಅದರಾಚೆಯ ಕೊಬ್ಬಿನಲ್ಲಿ ಗೆರೆಗೆರೆಯಾಗಿ ಕಾಣುತ್ತಿದೆ ಎಂದರ್ಥ. ಆ ಗೆರೆಗಳು ಕ್ಯಾನ್ಸರ್ ಗೋಡೆ ದಾಟಿದ್ದರಿಂದ ಆಗಿರಬಹುದು, ಬರೀ ಉರಿಯೂತವೂ ಇರಬಹುದು. ‘ಒಮೆಂಟಲ್ ಕೇಕಿಂಗ್’ ಎಂದಿದ್ದರೆ ಕರುಳಿನ ಮುಂದಿನ ಕೊಬ್ಬಿನ ಪೊರೆ ಗಟ್ಟಿಯಾಗಿ ಹೆಪ್ಪುಗಟ್ಟಿದೆ, ಇದು ಹರಡಿರುವ ಬಲವಾದ ಸೂಚನೆ. ‘ಅಸೈಟಿಸ್’ ಅಂದರೆ ಹೊಟ್ಟೆಯಲ್ಲಿ ನೀರು. ಸ್ವಲ್ಪವೇ ಇದ್ದರೂ ಕೇಳಬೇಕಾದ ವಿಷಯ, ಆದರೆ ಲಿವರ್, ಹೃದಯದ ತೊಂದರೆಯಿಂದಲೂ ನೀರು ಬರುತ್ತದೆ. ‘ಕ್ರುಕೆನ್‌ಬರ್ಗ್’ ಎಂಬ ಹೆಸರು ಕಂಡರೆ ಅಂಡಾಶಯಕ್ಕೆ ಹರಡಿದ ಗಡ್ಡೆ ಎಂದು.

ಅತಿ ಹೆಚ್ಚು ನಿದ್ದೆಗೆಡಿಸುವ ಪದ ‘ಇನ್‌ಡಿಟರ್ಮಿನೇಟ್’. ಅದರಲ್ಲೂ ಶ್ವಾಸಕೋಶದ 3, 4 ಮಿಲಿಮೀಟರ್ ಚುಕ್ಕೆಗೆ ಇದನ್ನು ಬರೆಯುತ್ತಾರೆ. ಹೌದು ಅಂತಲೂ ಹೇಳಲಾಗದು, ಅಲ್ಲ ಅಂತಲೂ ಹೇಳಲಾಗದು ಎಂದಷ್ಟೇ ಅರ್ಥ. ಹಳೇ ಸೋಂಕಿನ ಗುರುತು ಇರುವುದೇ ಜಾಸ್ತಿ. ಹಳೆಯ ಸ್ಕ್ಯಾನ್ ಇದ್ದರೆ ಹೋಲಿಸುತ್ತಾರೆ, ಇಲ್ಲದಿದ್ದರೆ ಕೆಲವು ವಾರ ಬಿಟ್ಟು ಮತ್ತೆ ನೋಡುತ್ತಾರೆ. ಇಂಥ ಒಂದು ಚುಕ್ಕೆಯ ಮೇಲೆ ‘ನಾಲ್ಕನೇ ಸ್ಟೇಜ್’ ಎಂದು ಮನೆಯಲ್ಲೇ ತೀರ್ಪು ಕೊಟ್ಟುಕೊಳ್ಳಬೇಡಿ. ‘ನೋ ಎವಿಡೆನ್ಸ್ ಆಫ್ ಮೆಟಾಸ್ಟಾಸಿಸ್’ ಎಂಬುದನ್ನೂ ಅಷ್ಟೇ ಎಚ್ಚರದಿಂದ ಓದಿ. ಈ ಯಂತ್ರಕ್ಕೆ ಕಾಣುವಷ್ಟರಲ್ಲಿ ಹರಡಿದ್ದು ಕಾಣಲಿಲ್ಲ ಎಂದು ಅದರ ಅರ್ಥ.

ವೈದ್ಯರ ಬಳಿ ಹೋದಾಗ ಕೇಳಿ: ಈಗಿನ ಅಂದಾಜು ಟಿಎನ್‌ಎಂ ಏನು? ಯಾವ ಜಾಗದ ಬಗ್ಗೆ ಇನ್ನೂ ಅನುಮಾನ ಇದೆ? ಅದನ್ನು ಬಗೆಹರಿಸಿದರೆ ಚಿಕಿತ್ಸೆ ಬದಲಾಗುತ್ತದೆಯೇ? ಮೂರನೆಯದಕ್ಕೆ ‘ಇಲ್ಲ’ ಎಂದರೆ ಇನ್ನೊಂದು ಸ್ಕ್ಯಾನ್ ಬಹುಶಃ ಬೇಕಿಲ್ಲ. ಸರ್ಜನ್, ಕೀಮೋ ವೈದ್ಯರು, ರೇಡಿಯಾಲಜಿಸ್ಟ್, ಪೆಥಾಲಜಿಸ್ಟ್ ಒಟ್ಟಿಗೆ ಕೂತು ಚರ್ಚಿಸುವ ಟ್ಯೂಮರ್ ಬೋರ್ಡ್ ಇದ್ದರೆ ನಿಮ್ಮ ಕೇಸ್ ಅಲ್ಲಿಗೆ ಹೋಗಿದೆಯೇ ಎಂದೂ ಕೇಳಿ.

ಹೆಜ್ಜೆ 8: ಚಿಕಿತ್ಸೆ ಶುರುವಾದ ಮೇಲಿನ ಸ್ಕ್ಯಾನ್

ಕೀಮೋ ನಡೆಯುವಾಗ ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೊಮ್ಮೆ ಸಿಟಿ ಆಗುತ್ತದೆ. ಆಯ್ದ ಗಡ್ಡೆಗಳ ಅಳತೆ ಕೂಡಿಸಿ, ಶೇ 30 ಅಥವಾ ಹೆಚ್ಚು ಇಳಿದರೆ ಭಾಗಶಃ ಗುಣ, ಕನಿಷ್ಠ ಅಳತೆಗಿಂತ ಶೇ 20 ಅಥವಾ ಹೆಚ್ಚು ಏರಿದರೆ ಅಥವಾ ಹೊಸ ಗಡ್ಡೆ ಬಂದರೆ ರೋಗ ಮುಂದುವರಿದಿದೆ ಎಂದು ಲೆಕ್ಕ. ಈ ಪದ್ಧತಿಗೆ ರೆಸಿಸ್ಟ್ ಎನ್ನುತ್ತಾರೆ, 2009ರಲ್ಲಿ ಪರಿಷ್ಕರಿಸಿದ್ದು ಈಗ ಬಳಕೆಯಲ್ಲಿದೆ. ನಡುವಿನದೆಲ್ಲಾ ‘ಸ್ಟೇಬಲ್’. ಆ ಪದ ಓದಿ ಔಷಧಿ ಕೆಲಸ ಮಾಡುತ್ತಿಲ್ಲ ಎಂದು ಬೇಸರ ಪಡಬೇಡಿ, ಬೆಳೆಯದೆ ನಿಂತಿದೆ ಎನ್ನುವುದೂ ಲಾಭವೇ. ಜಠರದ ಗೋಡೆಯ ದಪ್ಪ ನೀರು ಎಷ್ಟು ಕುಡಿದಿರಿ ಎಂಬುದರ ಮೇಲೆ ಬದಲಾಗುವುದರಿಂದ ಅದನ್ನು ಅಳತೆಗೆ ನೆಚ್ಚುವುದಿಲ್ಲ.

ಆದಷ್ಟು ಒಂದೇ ಕಡೆ, ಒಂದೇ ರೀತಿಯ ಸ್ಕ್ಯಾನ್ ಮಾಡಿಸಿ. ಒಂದು ಸಲ ಕಾಂಟ್ರಾಸ್ಟ್ ಇದ್ದು, ಇನ್ನೊಂದು ಸಲ ಇಲ್ಲದಿದ್ದರೆ ಹೋಲಿಕೆ ಕೆಡುತ್ತದೆ. ಬೇರೆ ಬೇರೆ ಯಂತ್ರದ ಎಸ್‌ಯುವಿ ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ಏರಿತು, ಇಳಿಯಿತು ಎನ್ನಲೂ ಆಗದು. ಪ್ರತಿ ಸಲವೂ ಫಿಲ್ಮ್ ಜೊತೆಗೆ ಡೈಕಾಮ್ ಚಿತ್ರಗಳಿರುವ ಸಿಡಿ ಅಥವಾ ಲಿಂಕ್ ಕೇಳಿ ಪಡೆಯಿರಿ. ಡೈಕಾಮ್ ಅಂದರೆ ಯಂತ್ರ ಕೊಟ್ಟ ಮೂಲ ಚಿತ್ರ, ಬೇರೆ ಆಸ್ಪತ್ರೆಯ ರೇಡಿಯಾಲಜಿಸ್ಟ್ ಅದನ್ನು ತಮ್ಮ ಕಂಪ್ಯೂಟರ್‌ನಲ್ಲಿ ತೆರೆದು ಅಳೆಯಬಹುದು. ಫಿಲ್ಮ್‌ನ ಮೊಬೈಲ್ ಫೋಟೊದಲ್ಲಿ ಅದು ಆಗುವುದಿಲ್ಲ. ಸಿಡಿಯ ಮೇಲೆ ತಾರೀಖು, ಕಾಂಟ್ರಾಸ್ಟ್ ಇತ್ತೋ ಇಲ್ಲವೋ, ಆಗ ಎಷ್ಟನೇ ಕೀಮೋ ಆಗಿತ್ತು ಎಂದು ಮಾರ್ಕರ್‌ನಲ್ಲಿ ಬರೆದಿಡಿ. ಮುಂದಿನ ಸ್ಕ್ಯಾನ್‌ಗೆ ಹೋದಾಗ ಕೌಂಟರ್‌ನಲ್ಲೇ ಕೊಟ್ಟು, ಹಳೆಯದರ ಜೊತೆ ಹೋಲಿಸಿ ರಿಪೋರ್ಟ್ ಬರೆಯಿರಿ ಎಂದು ಹೇಳಿ.